ಎರಡು ದಿನಗಳಲ್ಲಿ ವಿಜಾಪುರ

ಸೊಲ್ಲಾಪುರದ ಕನ್ನಡಿಗನಿಗೆ ರಾಜಧಾನಿಯೆಂದರೆ ಯಾವುದು ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳುಂಟು. ರಾಜ್ಯಾಡಳಿತದ ಲೆಕ್ಕದಲ್ಲಿ ಮುಂಬಯಿ. ನುಡಿಯ ಲೆಕ್ಕದಲ್ಲಿ ಬೆಂಗಳೂರು. ಎರಡೂ ಒಂದೊಂದು ರಾತ್ರಿಯ ಪ್ರಯಾಣದಷ್ಟು ದೂರ. ಆದರೆ ಇವೆರಡಕ್ಕಿಂತಲೂ ಸಮೀಪದಲ್ಲಿ, ಭೀಮೆಯ ಆಚೆಗೆ, ಸುಮಾರು ನೂರು ಕಿಲೋಮೀಟರಿನ ಹಾದಿಯಲ್ಲಿ, ಸುಮಾರು ಇನ್ನೂರು ವರ್ಷ ರಾಜಧಾನಿಯಾಗಿ ಮೆರೆದು, ಬಳಿಕ ಬರಿಯ ಊರಾಗಿ ಉಳಿದ ಮೂರನೆಯದೊಂದು ಇದೆ. ಶನಿವಾರ ನಸುಕಿನಲ್ಲಿ ಹೊರಟು ರವಿವಾರ ರಾತ್ರಿ ಮನೆ ಸೇರಲು ಅನುಕೂಲವಾದ ರಾಜಧಾನಿ ಅದು. ನಮ್ಮಲ್ಲಿ ಅನೇಕರು ಶಾಲೆಯ ಪ್ರವಾಸದಲ್ಲಿ ಒಮ್ಮೆ ಗೋಲಗುಮ್ಮಟದಲ್ಲಿ ಕೂಗಿ ಬಂದವರೇ. ಕೂಗಿದುದು ನೆನಪಿನಲ್ಲಿದೆ; ನೋಡಿದುದು ನೆನಪಿನಲ್ಲಿಲ್ಲ. ಆದುದರಿಂದ ಎರಡು ದಿನಗಳನ್ನು ಅಲ್ಲಿ ಹೇಗೆ ಕಳೆಯಬಹುದೆಂಬುದನ್ನು ವಾಚಕರ ಮುಂದಿಡುವುದು ಅನುಚಿತವಾಗಲಾರದೆಂದು ಭಾವಿಸುತ್ತೇನೆ.

ಹೊರಡುವ ಮುನ್ನ ನಮ್ಮೂರಿಗೂ ಆ ಊರಿಗೂ ಇದ್ದ ಹಳೆಯ ಸಂಬಂಧವನ್ನು ತಿಳಿದಿರುವುದು ಒಳ್ಳೆಯದು. ಗಡಿಯ ಊರೆಂಬ ಹೆಸರು ಸೊಲ್ಲಾಪುರಕ್ಕೆ ೧೯೫೬ರಲ್ಲಿ ಬಂದುದಲ್ಲ. ಬಹಮನೀ ರಾಜ್ಯ ಒಡೆದು ಐದು ತುಂಡಾದಂದಿನಿಂದಲೂ ಅದು ಗಡಿಯೇ. ಉತ್ತರದಲ್ಲಿ ಅಹಮದನಗರದ ನಿಜಾಮಶಾಹಿ, ದಕ್ಷಿಣದಲ್ಲಿ ವಿಜಾಪುರದ ಆದಿಲಶಾಹಿ. ನಡುವೆ ನಮ್ಮ ಕೋಟೆ. ೧೫೨೪ರಲ್ಲಿ ವಿಜಾಪುರದ ಇಸ್ಮಾಯಿಲ್ ಆದಿಲಶಹನ ತಂಗಿ ಮರಿಯಮಳನ್ನು ಬುರ್ಹಾನ್ ನಿಜಾಮಶಹನಿಗೆ ಕೊಟ್ಟಾಗ ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಕೊಡುವ ಮಾತಾಯಿತು. ಮದುವೆ ನಡೆಯಿತು, ಕೋಟೆ ಕೈಗೆ ಬರಲಿಲ್ಲ. ಅದಕ್ಕಾಗಿ ಬೀಗರು ಕಾದಾಡಿದರು. ನಾಲ್ಕು ದಶಕಗಳ ಮೇಲೆ ವಿಜಯನಗರದ ವಿರುದ್ಧ ಸುಲ್ತಾನರು ಒಂದಾಗುವಾಗ ಹುಸೇನ್ ನಿಜಾಮಶಹನು ತನ್ನ ಮಗಳು ಚಾಂದಬೀಬಿಯನ್ನು ಒಂದನೆಯ ಅಲಿ ಆದಿಲಶಹನಿಗೆ ಕೊಟ್ಟನು. ಬಳುವಳಿ ಮತ್ತೆ ಅದೇ ಸೊಲ್ಲಾಪುರ! ಒಂದೇ ಕೋಟೆಯನ್ನು ಎರಡು ಮನೆತನಗಳೂ ಒಂದೊಂದು ಸಲ ಹೆಣ್ಣಿನ ಸೆರಗಿಗೆ ಕಟ್ಟಿದುದು ನಮ್ಮ ಊರಿನ ಭಾಗ್ಯ. ೧೫೬೫ರ ತಾಳಿಕೋಟೆಯ ಯುದ್ಧವನ್ನು ಸಾಧ್ಯಮಾಡಿದ ಒಪ್ಪಂದದಲ್ಲಿ ನಮ್ಮ ಕೋಟೆಯ ಪಾಲು ಇಷ್ಟಿತ್ತು.

ಆ ಚಾಂದಬೀಬಿಯ ಬಾಳನ್ನು ನೋಡಿದರೆ ಗಡಿಯೆಂಬುದು ಎಷ್ಟು ಕೃತಕವೆಂದು ತೋರುತ್ತದೆ. ೧೫೮೦ರಲ್ಲಿ ಗಂಡನ ಕೊಲೆಯಾದ ಮೇಲೆ, ಒಂಬತ್ತು ವರ್ಷದ ಬಾಲಕನಾದ ಎರಡನೆಯ ಇಬ್ರಾಹಿಮನ ಪರವಾಗಿ ಆಕೆ ವಿಜಾಪುರವನ್ನು ಆಳಿದಳು. ಅಧಿಕಾರ ಕಸಿದ ಕಿಶ್ವರಖಾನನು ಆಕೆಯನ್ನು ಸಾತಾರೆಯ ಕೋಟೆಯಲ್ಲಿ ಸೆರೆಯಿಟ್ಟನು. ಬಿಡುಗಡೆ ಹೊಂದಿ ಮತ್ತೆ ಬಂದಳು. ಮುಂದೆ ತವರಿಗೆ ಮರಳಿ ೧೫೯೫-೯೬ರಲ್ಲಿ ಅಕ್ಬರನ ಮಗ ಮುರಾದನ ಸೈನ್ಯಕ್ಕೆದುರಾಗಿ ಅಹಮದನಗರದ ಕೋಟೆಯನ್ನು ಕಾದಳು. ೧೬೦೦ರಲ್ಲಿ ತನ್ನವರ ಕೈಯಿಂದಲೇ ಮಡಿದಳು. ಮಹಾರಾಷ್ಟ್ರದ ಮಕ್ಕಳೂ ಕರ್ನಾಟಕದ ಮಕ್ಕಳೂ ಆಕೆಯನ್ನು ತಮ್ಮವಳೆಂದೇ ಓದುತ್ತಾರೆ. ಇಬ್ಬರೂ ಹೇಳುವುದು ನಿಜ.

ಹೆಸರಿನ ಮಾತು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಇದು ವಿಜಯಪುರ. ಅಭಿನವಪಂಪನೆನಿಸಿದ ನಾಗಚಂದ್ರನು ಇಲ್ಲಿ ಮಲ್ಲಿನಾಥ ಜಿನಾಲಯವನ್ನು ಕಟ್ಟಿಸಿದನೆಂದು ಸಾಹಿತ್ಯಚರಿತ್ರೆಗಳು ಹೇಳುತ್ತವೆ. ಜನರ ಬಾಯಲ್ಲಿ ಅದು ವಿಜಾಪುರವಾಯಿತು, ದಫ್ತರಿನಲ್ಲಿ ಬಿಜಾಪುರವೆನಿಸಿತು, ೨೦೧೪ರ ನವೆಂಬರ್ ಒಂದರಿಂದ ಸರಕಾರಿ ಕಾಗದದಲ್ಲಿ ಮರಳಿ ವಿಜಯಪುರ. ನಮ್ಮ ಕಡೆಯ ಹಿರಿಯರು ಈ ಬದಲಾವಣೆಗಳೊಂದನ್ನೂ ಮನಸ್ಸಿಗೆ ಹಚ್ಚಿಕೊಳ್ಳದೆ ವಿಜಾಪುರವೆಂದೇ ಅನ್ನುತ್ತ ಬಂದಿದ್ದಾರೆ. ನಾನೂ ಹಾಗೆಯೇ ಬರೆಯುತ್ತೇನೆ.

ರೈಲಿನಲ್ಲಿ ಹೋಗುವುದಾದರೆ ಹೊಟಗಿಯಿಂದ ಗದಗಿನ ಕಡೆಗೆ ತಿರುಗುವ ದಾರಿ; ಒಂದು ಕಾಲಕ್ಕೆ ಮೀಟರಗೇಜಿನ ಚಿಕ್ಕ ಗಾಡಿ ಓಡುತ್ತಿದ್ದ ದಾರಿ. ಭೀಮೆಯನ್ನು ದಾಟಿ, ಗುರುದೇವ ರಾನಡೆಯವರ ಆಶ್ರಮವಿರುವ ನಿಂಬಾಳವನ್ನು ಹಾಯ್ದು ಮುಂದೆ ಸಾಗುತ್ತಿದ್ದಂತೆ, ಬಿಳಿಜೋಳದ ಹೊಲಗಳ ಅಂಚಿನಲ್ಲಿ ಮೊದಲು ಕಾಣಿಸಿಕೊಳ್ಳುವುದು ಊರಲ್ಲ, ಗುಮ್ಮಟ. ನಿಲ್ದಾಣದಿಂದ ಅದು ತೀರ ಸಮೀಪ. ಬಂದವರೆಲ್ಲ ನೆಟ್ಟಗೆ ಅಲ್ಲಿಗೇ ನಡೆಯುತ್ತಾರೆ. ಹಾಗೆ ಮಾಡಬಾರದೆಂಬುದೇ ನನ್ನ ಮೊದಲ ಸಲಹೆ. ಗೋಲಗುಮ್ಮಟವನ್ನು ಮೊದಲು ನೋಡಿದವನಿಗೆ ಉಳಿದುದೆಲ್ಲ ಸಣ್ಣದಾಗಿ ಕಾಣುತ್ತದೆ. ಆ ಅಳತೆಗೋಲು ವಿಜಾಪುರಕ್ಕೆ ಸಲ್ಲದು. ಮೊದಲ ದಿನವನ್ನು ಊರಿನ ಪಶ್ಚಿಮಕ್ಕೆ ಕೊಡಬೇಕು.

ಪಶ್ಚಿಮದ ಕೋಟೆಗೋಡೆಯ ಮೇಲಿರುವುದು ಮಲಿಕ್-ಎ-ಮೈದಾನ. ತೋಪನ್ನು ನೋಡುವ ಮೊದಲು ಗೋಡೆಯನ್ನು ನೋಡಿರಿ: ಆರು ಮೈಲಿಗೂ ಮಿಕ್ಕ ಸುತ್ತಳತೆ, ತೊಂಬತ್ತಾರು ಬುರುಜು, ಐದು ಹಿರಿಯ ಅಗಸೆಗಳು. ತಾಳಿಕೋಟೆಯ ವರ್ಷದಲ್ಲಿಯೇ, ಅಂದರೆ ೧೫೬೫ರಲ್ಲಿ, ಅದು ಮುಗಿಯಿತು. ಇನ್ನು ತೋಪು. ೧೫೪೯ರಲ್ಲಿ ಅಹಮದನಗರದಲ್ಲಿ ಮಹಮ್ಮದ ಬಿನ್ ಹಸನ್ ರೂಮಿ ಎಂಬ ತುರ್ಕಿ ಕುಶಲಿಯು ಅದನ್ನು ಎರಕಹೊಯ್ದನು. ಉದ್ದ ಹದಿನಾಲ್ಕು ಅಡಿಗಿಂತ ತುಸು ಹೆಚ್ಚು, ತೂಕ ಐವತ್ತೈದು ಟನ್ನಿನಷ್ಟು. ಬಾಯಿಯಲ್ಲಿ ಕೋರೆಹಲ್ಲಿನ ಮೃಗವೊಂದು ಆನೆಯನ್ನು ನುಂಗುತ್ತಿರುವಂತೆ ರೂಪಿಸಿದ್ದಾರೆ. ಬಿಸಿಲಲ್ಲಿಯೂ ಲೋಹ ತಣ್ಣಗಿರುತ್ತದೆಂದು ಎಲ್ಲರೂ ಮುಟ್ಟಿ ನೋಡುತ್ತಾರೆ. ಇದು ಪರಾಂಡೆಯ ಕೋಟೆಯಲ್ಲಿತ್ತು. ೧೬೩೨ರಲ್ಲಿ ವಿಜಯದ ಗುರುತಾಗಿ ಇಲ್ಲಿಗೆ ಎಳೆದು ತಂದರು. ಇದರ ಜೊತೆಯ ತೋಪು, ‘ಕಡಕ್ ಬಿಜಲಿ’, ಹಾದಿಯಲ್ಲಿ ಭೀಮೆಯನ್ನು ದಾಟಿಸುವಾಗ ಮುಳುಗಿತೆಂದು ಹೇಳಿಕೆ. ನೀವು ರೈಲಿನಲ್ಲಿ ದಾಟಿ ಬಂದ ಭೀಮೆಯೇ. ೧೬೮೬ರಲ್ಲಿ ಔರಂಗಜೇಬನು ತನ್ನ ಗೆಲುವಿನ ಬರಹವನ್ನು ಇದರ ಮೈಮೇಲೆ ಕೆತ್ತಿಸಿದನು. ಆದರೆ ಈ ತೋಪಿಗೆ ಒದಗಿದ ದೊಡ್ಡ ಅಪಾಯ ಯಾವ ಯುದ್ಧದಲ್ಲಿಯೂ ಬರಲಿಲ್ಲ. ೧೮೫೪ರಲ್ಲಿ, ಕೆಲಸಕ್ಕೆ ಬಾರದ ಸರಕಾರಿ ಸಾಮಾನುಗಳನ್ನು ಮಾರಿಬಿಡಬೇಕೆಂಬ ಹುಕುಮಿನ ಮೇರೆಗೆ ಇದನ್ನು ಲಿಲಾವಿಗೆ ಇಟ್ಟರು. ಅತ್ಯಂತ ಹೆಚ್ಚಿನ ಸವಾಲು ನೂರೈವತ್ತು ರೂಪಾಯಿ! ಅಷ್ಟು ಅಲ್ಪ ಬೆಲೆಗೆ ಕೊಡುವುದು ಸರಿಯೆನಿಸದ ಅಧಿಕಾರಿಯು ಮೇಲಕ್ಕೆ ಬರೆದು ಕೇಳಿದುದರಿಂದ ಮಾರಾಟ ನಿಂತಿತು.

ಸಮೀಪದ ಉಪ್ಪಲಿ ಬುರುಜನ್ನು ಹತ್ತಬಲ್ಲವರು ಹತ್ತಲಿ. ೧೫೮೪ರಲ್ಲಿ ಹೈದರಖಾನನು ಕಟ್ಟಿಸಿದ ಈ ಒಂಟಿ ಬುರುಜು ಎಂಬತ್ತು ಅಡಿಯಷ್ಟು ಎತ್ತರ. ಮೇಲಿನಿಂದ ಊರಿನ ನಕ್ಷೆ ಕಣ್ಣಿಗೆ ಬೀಳುತ್ತದೆ.

ಇನ್ನು ಇಬ್ರಾಹಿಂ ರೋಜಾ. ಅರ್ಧ ದಿನ ಇಲ್ಲಿಯೇ ಕಳೆಯಲಿ, ನಷ್ಟವಿಲ್ಲ. ಎರಡನೆಯ ಇಬ್ರಾಹಿಮನು (೧೫೮೦–೧೬೨೭) ರಾಣಿ ತಾಜ ಸುಲ್ತಾನಳಿಗಾಗಿ ಕಟ್ಟಿಸಲು ತೊಡಗಿ, ತಾನೇ ಮೊದಲು ಅದರಲ್ಲಿ ಮಲಗಿದನು. ಒಂದೇ ಜಗತಿಯ ಮೇಲೆ ಎದುರುಬದುರಾಗಿ ಗೋರಿಯೂ ಮಸೀದಿಯೂ. ನಡುವೆ ಕಾರಂಜಿಯ ಹೊಂಡ. ಶಿಲ್ಪಿ ಮಲಿಕ್ ಸಂದಲ್. ಗೋರಿಯ ಒಳಕೋಣೆ ನಾಲ್ವತ್ತಡಿಯ ಚೌಕ. ಅದರ ಮಾಳಿಗೆಯನ್ನು ತಲೆಯೆತ್ತಿ ನೋಡಿರಿ. ಕಲ್ಲಿನ ಹಾಸುಗಳು, ಕೆಳಗೆ ಕಂಬವಿಲ್ಲ, ತೊಲೆಯಿಲ್ಲ. ಅಂಚಿನಲ್ಲಿ ಬಾಗಿ ಒಳಬಂದು, ನಡುವೆ ಸಪಾಟಾಗಿ ತೂಗಿಕೊಂಡಂತಿವೆ. ಗಾರೆಯ ಹಿಡಿತದಿಂದ ಕಲ್ಲು ಕಲ್ಲನ್ನು ಹಿಡಿದಿದೆ. ಕಿಟಕಿಗಳಲ್ಲಿ ಬರಹವೇ ಜಾಲಂದ್ರ: ಅಕ್ಷರಗಳ ಸುತ್ತಲಿನ ಕಲ್ಲನ್ನು ಕೊರೆದು ತೆಗೆದು, ಅಕ್ಷರಗಳ ನಡುವಿನಿಂದ ಬೆಳಕು ಒಳಗೆ ಬರುವಂತೆ ಮಾಡಿದ್ದಾರೆ. ಅರಬ್ಬಿ ಬಾರದ ನಮ್ಮಂಥವರಿಗೂ ಓದಿದ ಸುಖ ಸಿಗುತ್ತದೆ.

ಈ ಇಬ್ರಾಹಿಮನು ಅರಸರಲ್ಲಿ ಅಪರೂಪದವನು. ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನೌರಸ್’ ಎಂಬ ಗೇಯಗ್ರಂಥವನ್ನು ರಚಿಸಿದನು; ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದ್ದಾನೆ; ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಹಾಡಿನಲ್ಲಿ ಅದನ್ನು ಹೊಗಳಿದ್ದಾನೆ. ಪ್ರಜೆಗಳು ಅವನನ್ನು ಜಗದ್ಗುರುವೆಂದರು. ಪರ್ಷಿಯಾದಿಂದ ಬಂದ ಕವಿ ಜುಹೂರಿಯು ಆ ಗ್ರಂಥಕ್ಕೆ ಫಾರಸಿಯಲ್ಲಿ ಮುನ್ನುಡಿ ಬರೆದನು. ಇತಿಹಾಸಕಾರ ಫರಿಶ್ತಾ ತನ್ನ ಹೊತ್ತಗೆಯನ್ನು ಇವನ ಆಶ್ರಯದಲ್ಲಿಯೇ ಬರೆದುದು.

ಸಂಜೆಗೆ ತಾಜ ಬಾವಡಿ. ೧೬೨೦ರಲ್ಲಿ ಕಟ್ಟಿದುದು, ಇದೂ ಆ ರಾಣಿಯ ಹೆಸರಿನದೇ, ಆ ಮಲಿಕ್ ಸಂದಲನದೇ. ೨೨೩ ಅಡಿ ಚೌಕ, ಐವತ್ತು ಅಡಿಗೂ ಮಿಕ್ಕ ಆಳ. ಎದುರಿನ ಮಹಾಕಮಾನಿನ ಕೆಳಗಿನಿಂದ ಮೆಟ್ಟಿಲಿಳಿದು ನೀರನ್ನು ಮುಟ್ಟಬೇಕು. ಅರಮನೆ, ಗೋರಿಗಳನ್ನು ಕುರಿತು ಬರೆಯುವವರು ಬಾವಡಿಗಳನ್ನು ಒಂದೆರಡು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಅದು ಸರಿಯೆನಿಸುವುದಿಲ್ಲ. ಕೃಷ್ಣೆ ಇಲ್ಲಿಂದ ದೂರ, ಭೀಮೆ ದೂರ, ಡೋಣಿ ಸಣ್ಣದು, ಮಳೆ ನಂಬತಕ್ಕುದಲ್ಲ. ಇಂಥ ನೆಲದಲ್ಲಿ ಒಂದು ಮಹಾನಗರವನ್ನು ನಿಲ್ಲಿಸಿದುದು ಗುಮ್ಮಟವಲ್ಲ, ನೀರಿನ ವ್ಯವಸ್ಥೆ. ಪಶ್ಚಿಮದ ತೊರವಿಯ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ತಂದರು. ೧೬೫೧ರಲ್ಲಿ ದಕ್ಷಿಣದಲ್ಲಿ ಬೇಗಂ ತಲಾಬನ್ನು ಕಟ್ಟಿ ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ನೀರು ಹಾಯಿಸಿದರು. ಕೊಳವೆಯಲ್ಲಿ ನೀರಿನ ಒತ್ತಡ ಹೆಚ್ಚಾಗಿ ಅದು ಒಡೆಯದಂತೆ ನಡುನಡುವೆ ‘ಗಂಜ್’ ಎಂಬ ನೀರಿನ ಗೋಪುರಗಳನ್ನು ಎಬ್ಬಿಸಿದರು. ಊರಿನ ಓಣಿಗಳಲ್ಲಿ ನಡೆಯುವಾಗ, ಯಾವುದೋ ಮನೆಯ ಮಗ್ಗುಲಿಗೆ ಇಂಥ ಗಂಜೊಂದು ಇದ್ದಕ್ಕಿದ್ದಂತೆ ಎದುರಾಗುತ್ತದೆ. ಅಲ್ಲಿ ಕೈಮರವಿಲ್ಲ, ಟಿಕೇಟಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಹೂಳೂ ಕಸವೂ ತುಂಬಿ ಕೆಟ್ಟುಹೋಗಿದ್ದ ಬಾವಡಿಗಳಲ್ಲಿ ಹಲವನ್ನು ೨೦೧೦ರ ದಶಕದಲ್ಲಿ ಹೂಳೆತ್ತಿ ಶುಚಿಮಾಡಿದರು. ಇದು ಬರಗಾಲದ ಸೀಮೆಯ ಸೊಲ್ಲಾಪುರದವರು ಹೋಗಿ ನೋಡಬೇಕಾದ ಕೆಲಸ.

ರವಿವಾರ ಬೆಳಗಾಗುತ್ತಲೇ ಗೋಲಗುಮ್ಮಟ. ಬಾಗಿಲು ತೆರೆಯುವ ವೇಳೆಗೆ ಹೋದರೆ ಮಾತ್ರ ಅದರ ದನಿ ಕೇಳಬಹುದು. ತಡವಾದರೆ ನಮ್ಮ ದನಿಗಳೇ ಕೇಳುವವು. ಮಹಮ್ಮದ ಆದಿಲಶಹನು (೧೬೨೭–೧೬೫೬) ತಂದೆಯ ರೋಜಾವನ್ನು ಸೊಬಗಿನಲ್ಲಿ ಮೀರುವುದು ಅಸಾಧ್ಯವೆಂದರಿತು ಗಾತ್ರದಲ್ಲಿ ಮೀರಲು ನಿಶ್ಚಯಿಸಿದನೆಂದು ತೋರುತ್ತದೆ. ಒಳಗಿನ ಚೌಕ ೧೩೫ ಅಡಿ. ಹದಿನೆಂಟು ಸಾವಿರ ಚದರಡಿಗೂ ಹೆಚ್ಚಿನ ನೆಲಕ್ಕೆ ಒಂದೇ ಗುಮ್ಮಟದ ಹೊದಿಕೆ. ಗುಮ್ಮಟದ ಹೊರವ್ಯಾಸ ೧೪೪ ಅಡಿ, ಒಳವ್ಯಾಸ ಸುಮಾರು ೧೨೪; ಬುಡದಲ್ಲಿ ಗೋಡೆಯ ದಪ್ಪ ಹತ್ತಡಿಯೆಂದಾಯಿತು. ಚೌಕದ ಮೇಲೆ ದುಂಡನ್ನು ಕೂರಿಸಿದ ಉಪಾಯ ಹೀಗೆ: ಎರಡು ಚೌಕಗಳನ್ನು ಒಂದರ ಮೇಲೊಂದು ಓರೆಯಾಗಿ ಇಟ್ಟಂತೆ ಎಂಟು ಕಮಾನುಗಳನ್ನು ಹೆಣೆದಿದ್ದಾರೆ, ಅವು ಒಂದನ್ನೊಂದು ಕೊಯ್ದುಕೊಂಡು ಮೇಲೇರುತ್ತ ಒಳಚಾಚಿ ಎಂಟು ಮೂಲೆಯ ಅಂಚನ್ನುಂಟುಮಾಡುತ್ತವೆ, ದುಂಡು ಅದರ ಮೇಲೆ ಕೂತಿದೆ. ಹೊರಕ್ಕೆ ತಳ್ಳುವ ಗುಮ್ಮಟದ ಭಾರವನ್ನು ಒಳಕ್ಕೆ ಚಾಚಿದ ಕಟ್ಟಡದ ಭಾರ ತೂಗಿ ಹಿಡಿಯುತ್ತದೆ. ಇದು ಕಾಗದದ ಮೇಲೆ ತಿಳಿಯುವುದು ಕಷ್ಟ. ನೆಲದ ನಡುವೆ ನಿಂತು ಕತ್ತೆತ್ತಿದರೆ ಒಂದು ಕ್ಷಣದಲ್ಲಿ ತಿಳಿಯುತ್ತದೆ. ಆಮೇಲೆ ಮೂಲೆಯ ಮಿನಾರಿನ ಇಕ್ಕಟ್ಟಾದ ಮೆಟ್ಟಿಲುಗಳಲ್ಲಿ ಏಳು ಅಂತಸ್ತು ಹತ್ತಿ, ಪಿಸುಮಾತಿನ ಸುತ್ತುಮೊಗಸಾಲೆಯನ್ನು ಸೇರಬೇಕು. ಅಲ್ಲಿ ಕೂಗಬೇಕಾದುದಿಲ್ಲ. ಗೋಡೆಗೆ ಬಾಯಿಯಿಟ್ಟು ಮೆಲ್ಲನೆ ಆಡಿದ ಮಾತು ಎದುರಿನ ಗೋಡೆಗೆ ಕಿವಿಯಿಟ್ಟವನಿಗೆ ಮುಟ್ಟುತ್ತದೆ.

ಗುಮ್ಮಟದ ಮುಂದಿನ ನಗಾರಖಾನೆಯ ವಸ್ತುಸಂಗ್ರಹಾಲಯದಲ್ಲಿ ಶಾಸನಗಳ ಕಲ್ಲುಗಳಿವೆ. ಹಳಗನ್ನಡದ ಲಿಪಿಯನ್ನು ಎದುರೆದುರು ನೋಡದವರು ಇಲ್ಲಿ ಒಂದು ಗಂಟೆ ನಿಲ್ಲಲಿ. ಜಾಮಿಯಾ ಮಸೀದಿಯ ಗಂಭೀರತೆಯನ್ನು ನೋಡಿದ ಮೇಲೆ, ಅರಕಿಲ್ಲೆಯೊಳಗಿನ ಕರೀಮುದ್ದೀನನ ಮಸೀದಿಯನ್ನು ಮರೆಯಬಾರದು. ಆದಿಲಶಾಹಿಗಿಂತ ನೂರೆಪ್ಪತ್ತು ವರ್ಷ ಹಿಂದಿನದು, ೧೩೨೦ರದು. ಹಳೆಯ ದೇವಾಲಯದ ಕಂಬಗಳಿಂದಲೇ ಎದ್ದುದು. ಅದರ ಬರಹವು ಕೆಲಸ ಮಾಡಿದವನನ್ನು ಸಾಲೋಟಗಿಯ ರೇವಯ್ಯನೆಂದು ಹೆಸರಿಸುತ್ತದೆ. ಇಂಡಿಯ ಬಳಿಯ ಆ ಸಾಲೋಟಗಿಯಲ್ಲಿ ೯೪೫ರಷ್ಟು ಹಿಂದೆ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲಕ್ಕೆ ವಿದ್ಯಾರ್ಥಿವಸತಿಗಳುಳ್ಳ ದೊಡ್ಡ ವಿದ್ಯಾಶಾಲೆಯಿತ್ತು. ಗುಡಿಯನ್ನು ಕಳಚಿ ಮಸೀದಿ ಕಟ್ಟಿದ ರೇವಯ್ಯನ ಮನಸ್ಸಿನಲ್ಲಿ ಏನಿದ್ದಿತೋ! ಬರಹದಲ್ಲಿ ಅವನ ಹೆಸರಿದೆ, ಮನಸ್ಸಿಲ್ಲ.

ಗಗನಮಹಲಿನ ಕಮಾನಿನ ಕೆಳಗೆ, ಹದಿನೇಳು ತಿಂಗಳಿನಷ್ಟು ಮುತ್ತಿಗೆಯ ಕೊನೆಗೆ ೧೬೮೬ರ ಸಪ್ಟಂಬರಿನಲ್ಲಿ, ಕೊನೆಯ ಸುಲ್ತಾನ ಸಿಕಂದರನನ್ನು ಬೆಳ್ಳಿಯ ಸರಪಣಿಯಲ್ಲಿ ಔರಂಗಜೇಬನೆದುರು ನಿಲ್ಲಿಸಿದರೆಂದು ಹೇಳುವರು. ಮೂರು ವರ್ಷಗಳೊಳಗೆ ಪ್ಲೇಗು ಬಂದು ಊರನ್ನು ಖಾಲಿಮಾಡಿತು. ನಿಜಾಮರು, ಪೇಶ್ವೆಯರು, ಸಾತಾರೆಯವರು, ಇಂಗ್ಲಿಷರು. ರಾಜಧಾನಿಯು ಯಾರಿಗೂ ಬೇಡವಾದ ಆಸ್ತಿಯಾಗಿ ಕೈಯಿಂದ ಕೈಗೆ ಹೋಯಿತು. ೧೮೮೫ರಲ್ಲಿ ಜಿಲ್ಲೆಯ ಕಛೇರಿಗಳು ಕಲಾದಗಿಯಿಂದ ಇಲ್ಲಿಗೆ ಬಂದಮೇಲೆ ಊರಿಗೆ ಮತ್ತೆ ಉಸಿರು ಬಂತು. ಅರಮನೆಗಳು ದಫ್ತರುಗಳಾದವು. ಅದರಿಂದ ಕೆಟ್ಟುದೂ ಉಂಟು, ಬೀಳದೆ ಉಳಿದುದೂ ಉಂಟು.

ಅಸಾರ ಮಹಲಿನ ಎದುರು ಒಂದು ಸಂಗತಿಯನ್ನು ನೆನೆಯಬೇಕು. ಆ ಎತ್ತರದ ಮರದ ಕಂಬಗಳ ಹಿಂದೆ ಆದಿಲಶಾಹಿಯ ಗ್ರಂಥಭಂಡಾರದ ಅಳಿದುಳಿದ ಭಾಗವಿತ್ತು. ೧೮೫೩ರಲ್ಲಿ ಆ ಹಸ್ತಪ್ರತಿಗಳು ಲಂಡನ್ನಿಗೆ ಹೋದವು. ಇಂದಿಗೂ ಅಲ್ಲಿಯೇ ಇವೆ. ಅರಸರ ಪುಸ್ತಕಗಳು ಹೊರಟುಹೋದ ಇದೇ ಊರಿಗೆ ಅರ್ಧ ಶತಮಾನದ ಮೇಲೆ ಬೇರೊಂದು ಬಗೆಯ ಪುಸ್ತಕಗಳು ಬರತೊಡಗಿದವು. ೧೯೦೪ರಲ್ಲಿ ವಕೀಲಿಗೆಂದು ಬಂದ ಫ. ಗು. ಹಳಕಟ್ಟಿಯವರು ಮನೆಮನೆ, ಮಠಮಠ ಅಲೆದು ವಚನಗಳ ತಾಡೋಲೆಗಳನ್ನು ಕೂಡಿಹಾಕಿದರು, ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, ಮುದ್ರಣಕ್ಕಾಗಿ ಸ್ವಂತ ಮನೆಯನ್ನು ಮಾರಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು, ೧೯೨೬ರಿಂದ ‘ಶಿವಾನುಭವ’ವನ್ನು ನಡೆಸಿದರು. ಯಾವ ಸುಲ್ತಾನನ ಖಜಾನೆಯೂ ಬೆನ್ನಿಗಿಲ್ಲದೆ ಆದ ಕೆಲಸ. ಸೈಕ್ಲೋಸ್ಟೈಲಿನ ಮಸಿಯಲ್ಲಿ ಕೈ ಕಪ್ಪುಮಾಡಿಕೊಳ್ಳುವ ನಮ್ಮಂಥ ಸಂಘದವರಿಗೆ ಬಾರಾ ಕಮಾನಿಗಿಂತ ಇದು ಹತ್ತಿರದ ಸ್ಮಾರಕವೆಂದರೆ ತಪ್ಪಾಗದು.

ಕನ್ನಡವು ಈ ರಾಜಧಾನಿಯಲ್ಲಿ ಎಲ್ಲಿತ್ತೆಂದು ಕೇಳುವವರುಂಟು. ನೇರವಾಗಿ ಹೇಳಬೇಕು: ಸಿಂಹಾಸನದ ಸುತ್ತ ಅದು ಇರಲಿಲ್ಲ. ದರ್ಬಾರಿನ ಭಾಷೆ ಫಾರಸಿ, ಹಾಡಿನದು ದಖನಿ. ಒಂದನೆಯ ಇಬ್ರಾಹಿಮನು (೧೫೩೫–೧೫೫೮) ಲೆಕ್ಕಪತ್ರಗಳನ್ನು ಫಾರಸಿಯಿಂದ ಬಿಡಿಸಿ ಹಿಂದವಿಯಲ್ಲಿ ಬರೆಯಿಸಿ, ಬ್ರಾಹ್ಮಣ ಕರಣಿಕರನ್ನು ನೇಮಿಸಿದನೆಂದು ಫರಿಶ್ತಾ ಹೇಳುತ್ತಾನೆ; ಆ ಹಿಂದವಿಯನ್ನು ಮರಾಠಿಯೆಂದು ಅರ್ಥಮಾಡುವವರು ಹೆಚ್ಚು. ಕನ್ನಡವಿದ್ದುದು ಹೊಲದಲ್ಲಿ, ಪೇಟೆಯಲ್ಲಿ, ಗುಡಿಯಲ್ಲಿ. ಅದನ್ನು ಕಾಣಬೇಕಾದರೆ ರವಿವಾರ ಮಧ್ಯಾಹ್ನ ರೊಟ್ಟಿಯೂಟ ಮುಗಿಸಿ ಪಶ್ಚಿಮಕ್ಕೆ ನಾಲ್ಕು ಮೈಲಿ, ತೊರವಿಗೆ ಹೋಗಬೇಕು.

ತೊರವಿಯ ಹಾದಿಯಲ್ಲಿ ನೌರಸಪುರದ ಹಾಳು ಕಾಣುತ್ತದೆ. ಸಂಗೀತದ ಹುಚ್ಚಿನ ಇಬ್ರಾಹಿಮನು ೧೫೯೯ರಲ್ಲಿ ಕಟ್ಟಲು ತೊಡಗಿದ ಹೊಸ ರಾಜಧಾನಿ ಅದು. ೧೬೨೪ರಲ್ಲಿ ಅಹಮದನಗರದ ಮಲಿಕ್ ಅಂಬರನು ಸುಟ್ಟು ಸೂರೆಗೊಂಡನು. ಕಾಲು ಶತಮಾನದ ಆಯುಷ್ಯ. ಸಂಗೀತಮಹಲಿನ ಕಮಾನು ಮಾತ್ರ ಆಕಾಶಕ್ಕೆ ತೆರೆದು ನಿಂತಿದೆ. ಮುಂದೆ ತೊರವಿಯಲ್ಲಿ ನೆಲಮಟ್ಟದಿಂದ ಕೆಳಕ್ಕೆ ಇಳಿದು ಹೋಗುವ ನರಸಿಂಹನ ಗುಡಿ. ಆದಿಲಶಾಹಿಯ ಮೊದಲ ದಿನಗಳಿಗೆ ಹತ್ತಿರವಾಗಿ, ೧೫೦೦ರ ಸುಮಾರಿಗೆ, ಕುಮಾರವಾಲ್ಮೀಕಿಯೆಂದು ಕರೆದುಕೊಂಡ ಕವಿ ಈ ದೇವರ ಅಂಕಿತದಲ್ಲಿ ಐದು ಸಾವಿರಕ್ಕೂ ಮಿಕ್ಕ ಭಾಮಿನೀ ಷಟ್ಪದಿಗಳಲ್ಲಿ ರಾಮಾಯಣವನ್ನು ಬರೆದನು. ಊರಿನ ಹೆಸರೇ ಕಾವ್ಯಕ್ಕೆ ನಿಂತು ಅದು ‘ತೊರವೆ ರಾಮಾಯಣ’ವಾಯಿತು. ನಮ್ಮ ಹಳ್ಳಿಗಳ ಗುಡಿಗಳಲ್ಲಿ ಶ್ರಾವಣಮಾಸದಲ್ಲಿ ಅದನ್ನು ಓದಿಸಿ ಅರ್ಥ ಹೇಳಿಸುತ್ತಿದ್ದರೆಂಬುದು ಹಿರಿಯರಿಗೆ ನೆನಪಿರಬಹುದು.

ಗುಡಿಯಲ್ಲಿ ನೋಡಲು ಬಹಳವಿಲ್ಲ. ತಂಪು, ಎಣ್ಣೆಯ ವಾಸನೆ, ಸಣ್ಣ ದೀಪ. ಹೊರಗೆ ಬಂದರೆ ದೂರದಲ್ಲಿ ಗುಮ್ಮಟ. ಸೊಲ್ಲಾಪುರಕ್ಕೆ ಮರಳುವವರು ಸಂಜೆಯ ಬಸ್ಸನ್ನು ತಪ್ಪಿಸಿಕೊಳ್ಳದಂತೆ ಅರ್ಧ ಗಂಟೆ ಮೊದಲೇ ಊರಿಗೆ ಬಂದು ನಿಲ್ದಾಣ ಸೇರುವುದು ಲೇಸು.